ತಾರೀಖಿಲ್ಲದ ಬೆಳಗು

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ರೋಗಿಗಳಿಗೆ ಫೋನ್ ಮಾಡುವುದು ನನ್ನ ಕೆಲಸ. ನಾಳೆಯ ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಅದೇ ನಾಲ್ಕು ಮಾತು. ರಾತ್ರಿ ಊಟ ಹಗುರವಾಗಿರಲಿ, ಬೆಳಿಗ್ಗೆ ಎದ್ದ ಮೇಲೆ ಏನೂ ತಿನ್ನಬೇಡಿ, ಆರು ಗಂಟೆಯ ತನಕ ಎರಡು ಗುಟುಕು ನೀರು ಕುಡಿಯಬಹುದು, ಎಂಟಕ್ಕೆ ಎರಡನೇ ಮಹಡಿಯ ಹಾಲ್‌ಗೆ ಬನ್ನಿ. ಸೇರಿದ ಹೊಸದರಲ್ಲಿ ಇವನ್ನು ಕಾಗದದಲ್ಲಿ ಬರೆದು ಎದುರಿಗಿಟ್ಟುಕೊಂಡು ಓದುತ್ತಿದ್ದೆ. ಈಗ ಕಾಗದ ಬೇಡ. ಎದುರಿಗೆ ಕಾಣದವರ ಹತ್ತಿರ ಮಾತಾಡುವುದು ನನಗೆ ಅಷ್ಟು ಕಷ್ಟವಲ್ಲ. ಹಲ್ಲಿನ ಸೆಟ್ಟು ಬಿಚ್ಚಿಟ್ಟು ಬರಬೇಕಾ, ಉಗುಳು ನುಂಗಬಹುದಾ ಎಂದು ಹೆದರಿಕೊಂಡು ಕೇಳುವ ಅಜ್ಜಂದಿರಿಗೆ ನಗದೆ ಉತ್ತರ ಹೇಳುತ್ತೇನೆ. ಒಮ್ಮೆ ಜ್ವರ ಬಂದು ಮನೆಯಿಂದಲೇ ಫೋನ್ ಮಾಡುತ್ತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, "ಇಷ್ಟು ಚೆಂದ ಮಾತಾಡೋಳು ನೆಂಟರು ಬಂದ್ರೆ ಯಾಕೆ ಅಡುಗೆಮನೆಯಿಂದ ಆಚೆಗೇ ಬರಲ್ಲ?" ಎಂದಳು.

ಫೋನ್ ಮಾಡಲಾಗದ ರೋಗಿ ಒಬ್ಬರೇ ಇದ್ದರು. ಪಟ್ಟಿಯಲ್ಲಿ ಅವರ ಹೆಸರಿನ ಎದುರು, ನಂಬರ್ ಇರಬೇಕಾದ ಜಾಗದಲ್ಲಿ, 'ಜೈಲು' ಎಂದಷ್ಟೇ ಬರೆದಿತ್ತು. ಅಂಥವರ ವಿಷಯದಲ್ಲಿ ನಾವು ಮಾಡುವುದು ಒಂದೇ: ಇಂಥ ದಿನ ಕರೆತನ್ನಿ ಎಂದು ಜೈಲಿನ ಕಚೇರಿಗೆ ಕಾಗದ ಕಳಿಸುತ್ತೇವೆ. ಅವರು ಕಾವಲಿನೊಂದಿಗೆ ವ್ಯಾನಿನಲ್ಲಿ ಕಳಿಸಿಕೊಡುತ್ತಾರೆ.

ಜೈಲಿನಲ್ಲಿ ಎಲ್ಲರೂ ಆಕೆಯನ್ನು ಟೈಲರಮ್ಮ ಎನ್ನುತ್ತಿದ್ದರು. ನಲವತ್ತೈದರ ಆಸುಪಾಸು, ಸಣ್ಣ ಮೈಕಟ್ಟು. ಅಲ್ಲಿನ ಹೊಲಿಗೆ ಶೆಡ್ಡಿನ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಸೊಟ್ಟಗೆ ಕೂಡಿಕೊಂಡು ಒಳಗಿನ ನರವನ್ನು ಒತ್ತುತ್ತಿತ್ತು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಸದಾ ಜೋಮು. ಸೂಜಿ ಹಿಡಿದರೆ, ಹಿಡಿದಿದ್ದೇನೋ ಬಿಟ್ಟಿದ್ದೇನೋ ಕಣ್ಣಿಂದ ನೋಡಿ ತಿಳಿಯಬೇಕು. ಕೈ ಡಾಕ್ಟರು ಕಡತದಲ್ಲಿ ಸ್ಪಷ್ಟವಾಗಿ ಬರೆದಿದ್ದರು: ನಾಲ್ಕು ತಿಂಗಳೊಳಗೆ ಆಪರೇಷನ್ ಆಗಬೇಕು, ಆಮೇಲೆ ನರ ಬಿಡಿಸಿದರೂ ಹೆಬ್ಬೆರಳಿಗೆ ಬಲ ಬರುವುದು ಅನುಮಾನ.

ಮೊದಲ ಸಲ ಬಂದಾಗ ಟೈಲರಮ್ಮ ಗಂಜಿ ತಿಂದು ಬಂದಿದ್ದರು.

ಎಂಟು ಗಂಟೆಗೆ ಬಂದವರ ಹೆಸರಿನ ಮುಂದೆ ಗುರುತು ಹಾಕುತ್ತಾ ನಾನು ಹಾಲ್‌ನಲ್ಲೇ ನಿಂತಿರುತ್ತೇನೆ. ನೆಲಕ್ಕೆ ಬೋಲ್ಟ್ ಹಾಕಿದ ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ತೂಕದ ಯಂತ್ರ, ಅರ್ಧ ಕೊಕ್ಕೆ ಉದುರಿಹೋದ ಒಂದು ಪರದೆ. ಟೈಲರಮ್ಮನ ಎಡಗೈಯಿಂದ ಹೊರಟ ಗೇಣುದ್ದದ ಸರಪಳಿ, ಕಾವಲಿಗೆ ಬಂದ ಜೈಲಿನ ವಾರ್ಡರಮ್ಮನ ಕೈಗೆ ಸೇರಿತ್ತು. ಬಲಗೈಗೆ ಬ್ಯಾಂಡೇಜಿನ ಪಟ್ಟಿ ಸುತ್ತಿದ್ದರಿಂದ ಕೋಳಕ್ಕೆ ಸಿಕ್ಕಿದ್ದು ಎಡಗೈ. ಅವರು ಕೂತ ಕೂಡಲೇ ಅಕ್ಕಪಕ್ಕದವರು ಒಂದೊಂದು ಕುರ್ಚಿ ಆಚೆಗೆ ಸರಿದರು. ವಾರ್ಡರಮ್ಮ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಭಾರೀ ಹೆಂಗಸು, ಖಾಲಿಯಾದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟು, "ಬಸ್ಸಲ್ಲೂ ಹಿಂಗೇ ಜಾಗ ಬಿಟ್ರೆ ಎಷ್ಟು ಚೆನ್ನಾಗಿರತ್ತೆ," ಎಂದಿದ್ದರು.

ಹಿರಿಯ ಸಿಸ್ಟರ್ ಬಂದು ಇವಳಿಗೆ ಅಲರ್ಜಿ ಏನಾದರೂ ಇದೆಯಾ, ಇವಳು ಏನಾದರೂ ತಿಂದಿದ್ದಾಳಾ ಎಂದು ವಾರ್ಡರಮ್ಮನನ್ನು ಕೇಳಿದರು. ಸಿಸ್ಟರ್ ಕೆಟ್ಟವರಲ್ಲ. ಸರಪಳಿ ಕಂಡಾಗ ಎಲ್ಲರ ಕಣ್ಣೂ ತಾನಾಗಿ ಅದರ ಇನ್ನೊಂದು ತುದಿಗೆ ಹೋಗುತ್ತದೆ. ನನ್ನದೂ ಹೋಗಿತ್ತು. ವಾರ್ಡರಮ್ಮ, "ಬಾಯಿ ಅವಳಿಗಿದೆ ಸಿಸ್ಟರ್, ಅವಳನ್ನೇ ಕೇಳಿ," ಎಂದರು. ಟೈಲರಮ್ಮ ತಲೆತಗ್ಗಿಸಿ, ಗಂಜಿ ಮತ್ತು ಒಂದು ಬ್ರೆಡ್ಡು ಎಂದು ಹೇಳಿದರು. ಅಲ್ಲಿಗೆ ಮುಗಿಯಿತು. ತುಂಬಿದ ಹೊಟ್ಟೆಗೆ ಅರಿವಳಿಕೆ ಕೊಡುವಂತಿಲ್ಲ. ರದ್ದಾದ ಕಾರಣ ಬರೆಯುವ ಅಂಕಣದಲ್ಲಿ ಎರಡೇ ಆಯ್ಕೆ, 'ರೋಗಿ' ಅಥವಾ 'ಆಸ್ಪತ್ರೆ'. ನಾನು 'ರೋಗಿ' ಎಂದು ಬರೆದೆ. ಹೀಗೆ ಮೂರು ಸಲ ಬರೆದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಮತ್ತೆ ಹೊರರೋಗಿ ವಿಭಾಗದಿಂದ ಶುರು. ಏನಿಲ್ಲವೆಂದರೂ ಏಳು ತಿಂಗಳು.

ಎರಡು ವಾರ ಬಿಟ್ಟು ಎರಡನೇ ಸಲ ಬಂದಾಗಲೂ ಗಂಜಿ. ಆ ದಿನ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಒಂದು ಹೊತ್ತು ಬಾಯಿ ಕಟ್ಟಲಾಗದೇ ಎಂದು ಮನಸ್ಸಿನಲ್ಲೇ ಬೈದುಕೊಂಡು ಮತ್ತೊಮ್ಮೆ 'ರೋಗಿ' ಎಂದು ಬರೆದೆ. ವ್ಯಾನ್ ಬರುವುದು ತಡವಾಗಿ ಇಬ್ಬರೂ ಹಾಲ್‌ನಲ್ಲೇ ಕೂತಿದ್ದರು. ನಾನು ಹತ್ತಿರ ಹೋಗಿ, ಹಿಂದಿನ ರಾತ್ರಿ ಯಾರಾದರೂ ನೆನಪು ಮಾಡಬಹುದಿತ್ತಲ್ಲ ಎಂದು ವಾರ್ಡರಮ್ಮನಿಗೆ ಹೇಳಿದೆ.

"ಯಾರು ನೆನಪು ಮಾಡೋದು? ಅವಳಿಗೆ ತಾರೀಖೇ ಹೇಳಲ್ಲ ಕಣಮ್ಮ."

"ಯಾಕೆ?"

"ರೂಲು. ಆಚೆ ಹೋಗೋ ದಿನ ಮುಂಚೆ ಗೊತ್ತಾದ್ರೆ ಯಾರಿಗಾದ್ರೂ ಹೇಳಿ ಕಳಿಸ್ತಾರೆ, ದಾರೀಲಿ ಗಾಡಿ ಅಡ್ಡ ಹಾಕಿಸ್ತಾರೆ ಅಂತ. ಬೆಳಿಗ್ಗೆ ತಿಂಡಿ ಆದ್ಮೇಲೆ ಹೋಗಿ, ನಡಿ ಅಂತೀನಿ. ಬರ್ತಾಳೆ." ಅವರು ಟೈಲರಮ್ಮನ ಕಡೆ ತಿರುಗಿದರು. "ಹೇಳೇ, ನಿಂಗೋಸ್ಕರ ಗಾಡಿ ಅಡ್ಡ ಹಾಕೋರು ಯಾರಿದಾರೆ?"

"ತಂಗಿ ಇದಾಳೆ," ಎಂದರು ಟೈಲರಮ್ಮ. "ಅವಳಿಗೆ ರಸ್ತೆ ದಾಟಕ್ಕೇ ಭಯ."

ಇಬ್ಬರೂ ನಕ್ಕರು. ನಾನೂ ನಕ್ಕೆನೇನೋ. ಆಮೇಲೆ ಟೈಲರಮ್ಮ, ಕೇಳದೆಯೇ, ಆ ತಂಗಿಯ ವಿಷಯ ಹೇಳಿದರು. ಇನ್ನು ಹದಿನಾಲ್ಕು ತಿಂಗಳು ಕಳೆದರೆ ಬಿಡುಗಡೆ. ಹೋಗುವುದು ತಂಗಿಯ ಮನೆಗೆ. ತಂಗಿಯ ಗಂಡ ಒಳ್ಳೆಯವನು, ಮುಂದಿನ ಕೋಣೆಯಲ್ಲಿ ಮಿಷನ್ನು ಹಾಕಿಕೊಳ್ಳಿ ಅಕ್ಕ ಎಂದಿದ್ದಾನೆ. ಆದರೆ ಅವನು ಕರೆದಿರುವುದು ಹೊಲಿಯುವ ಅಕ್ಕನನ್ನು. ಬಟನ್ ಹಾಕಿಕೊಳ್ಳಲೂ ಇನ್ನೊಬ್ಬರನ್ನು ಕೂಗುವ ಅಕ್ಕನನ್ನಲ್ಲ. ಇಷ್ಟು ಹೇಳಿ ತಮ್ಮ ಬಲಗೈ ಹೆಬ್ಬೆರಳನ್ನು ಎಡಗೈಯಿಂದ ಮುಟ್ಟಿ ನೋಡಿಕೊಂಡರು. ಸರಪಳಿಯ ಜೊತೆಗೆ ವಾರ್ಡರಮ್ಮನ ಕೈಯೂ ಹೋಯಿತು. ವಾರ್ಡರಮ್ಮ ಅದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಮಾತು ನಿಲ್ಲಿಸದೆಯೇ ಕೈಯನ್ನು ಸಡಿಲ ಬಿಟ್ಟರು.

ಯಾಕೆ ಜೈಲಿಗೆ ಬಂದಿರಿ ಎಂದು ನಾನು ಕೇಳಲಿಲ್ಲ. ನಮ್ಮ ಪಟ್ಟಿಯಲ್ಲಿ ಅದಕ್ಕೆ ಅಂಕಣವಿಲ್ಲ.

ಅದೇ ಮಧ್ಯಾಹ್ನ ನಾನು ಒಂದು ಚೀಟಿ ಮಾಡಿದೆ. ಉಳಿದವರಿಗೆ ಫೋನಿನಲ್ಲಿ ಹೇಳುವುದನ್ನೇ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ, ಆಗಲೇ ನಿಗದಿಯಾಗಿದ್ದ ಮೂರನೇ ಸಲದ ತಾರೀಖನ್ನು ಮೇಲ್ಗಡೆ ಹಾಕಿದೆ. ಕೆಳಗೆ: ರಾತ್ರಿ ಊಟ ಅರ್ಧ ಮಾತ್ರ. ಬೆಳಿಗ್ಗೆ ಕರೆಯುವ ತನಕ ಏನೂ ತಿನ್ನಬಾರದು. ಆರು ಗಂಟೆಯ ತನಕ ಎರಡು ಗುಟುಕು ನೀರು ಕುಡಿಯಬಹುದು. ತಿಂದರೆ ಆಪರೇಷನ್ ಆಗುವುದಿಲ್ಲ. ಕೊನೆಯ ಸಾಲಿನ ಕೆಳಗೆ ಎರಡು ಗೆರೆಯನ್ನೂ ಎಳೆದೆ. ಟೈಲರಮ್ಮನಿಗೆ ಓದಿಸಿ ಎಂದು ಬರೆದು ಜೈಲಿನ ಕಚೇರಿಗೆ ಕಳಿಸಿದೆ. ಅಲ್ಲಿನವರು ಹಿಂದಿನ ರಾತ್ರಿ ಅದನ್ನು ಕೊಡುತ್ತಾರೆ, ರೂಲೂ ಮುರಿಯುವುದಿಲ್ಲ, ಕೆಲಸವೂ ಆಗುತ್ತದೆ ಎಂದುಕೊಂಡೆ. ಯಾರೂ ಹೇಳದೆ ಮಾಡಿದ ಕೆಲಸ ಅದು. ಆ ದಿನ ಮನೆಗೆ ಹೋಗುವಾಗ ಹೆಜ್ಜೆ ಸ್ವಲ್ಪ ಹಗುರವಾಗಿಯೇ ಇತ್ತು.

ಮೂರನೇ ಸಲ ಸಿಕ್ಕಿದ್ದು ಒಂಬತ್ತು ವಾರದ ನಂತರ. ನಾಲ್ಕು ತಿಂಗಳ ಗಡುವಿಗೆ ಇನ್ನು ಹದಿನೈದು ದಿನ ಬಾಕಿ.

ಎಂಟಕ್ಕೆ ಐದು ನಿಮಿಷವಿರುವಾಗಲೇ ಬಂದರು. ಸಿಸ್ಟರ್ ಈ ಸಲ ನೇರವಾಗಿ ಟೈಲರಮ್ಮನನ್ನೇ ಕೇಳಿದರು. ಏನೂ ತಿಂದಿಲ್ಲ ಎಂದರು ಟೈಲರಮ್ಮ. ನೀರು? ಐದೂವರೆಗೆ ಎರಡು ಗುಟುಕು. ಸಿಸ್ಟರ್ ನನ್ನ ಕಡೆ ನೋಡಿ ಹುಬ್ಬೇರಿಸಿ ನಕ್ಕರು. ನನ್ನ ಚೀಟಿಯ ವಿಷಯ ಅವರಿಗೆ ಗೊತ್ತಿತ್ತು. ಒಳಗೊಳಗೇ ಹಿಗ್ಗಿ, ಪಟ್ಟಿಯಲ್ಲಿ ಗುರುತು ಹಾಕಿದೆ. ಆ ದಿನದ ಮೊದಲ ಕೇಸು ಅವರದೇ.

ತೂಕದ ಯಂತ್ರದ ಮೇಲೆ ಹತ್ತುವಾಗ ವಾರ್ಡರಮ್ಮ ಸರಪಳಿಯ ಕೈಯನ್ನು ಮೇಲಕ್ಕೆತ್ತಿ ಹಿಡಿದು, "ನನ್ನ ಭಾರ ಸೇರಿಸ್ಕೋಬೇಡಿ, ಪಾಪ ಮಿಷನ್ನು," ಎಂದರು. ಸಿಸ್ಟರ್ ಮುಳ್ಳನ್ನು ನೋಡಿದರು, ಕಡತ ನೋಡಿದರು. ಸರಪಳಿ ಎಳೆದು ಹಿಡಿದದ್ದಕ್ಕೆ ಕಡಿಮೆ ತೋರಿಸಿತೇನೋ ಎಂದು ಕೈ ಇಳಿಸಿ ಇನ್ನೊಮ್ಮೆ ತೂಗಿದರು. ನಲವತ್ತಾರು. ಮೊದಲ ಸಲ ಐವತ್ತೆರಡು ಇತ್ತು. ಇಳಿಯುವಾಗ ಟೈಲರಮ್ಮ ಕಾಲು ತಡವರಿಸಿ ಪರದೆ ಹಿಡಿದುಕೊಂಡರು. ಇದ್ದ ಕೊಕ್ಕೆಗಳಲ್ಲಿ ಇನ್ನೆರಡು ಉದುರಿದವು.

ಅರಿವಳಿಕೆ ಕೊಡುವ ಡಾಕ್ಟರನ್ನು ನಾವು ನಮ್ಮೊಳಗೆ ನಿದ್ದೆ ಡಾಕ್ಟರು ಎನ್ನುತ್ತೇವೆ. ಸದಾ ಆತುರ, ಕನ್ನಡಕ ಹಣೆಯ ಮೇಲೆ, ಮಾತು ರೋಗಿಗಿಂತ ಕಡತದ ಜೊತೆ ಹೆಚ್ಚು. ಅವರು ಬಂದು ಟೈಲರಮ್ಮನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು. ಕೆಮ್ಮು ಇದೆಯಾ, ಜ್ವರ ಬರುತ್ತಾ, ಬೆವರುತ್ತಾ ಎಂದು ಕೇಳಿದರು. ಇಲ್ಲ, ಇಲ್ಲ ಎನ್ನುವ ಉತ್ತರ ಬಂತು. ಹಸಿವಾಗುತ್ತಾ ಎಂದಾಗ ಮಾತ್ರ, ಆಗತ್ತೆ ಸಾರ್ ಎಂದರು. ಡಾಕ್ಟರು ಸರಪಳಿಯ ಇನ್ನೊಂದು ತುದಿಯತ್ತ ತಿರುಗಿ, ಊಟ ಕೊಡುತ್ತೀರೋ ಇಲ್ಲವೋ ಎಂದು ಕೇಳಿದರು. ವಾರ್ಡರಮ್ಮನ ಮುಖ ಕೆಂಪಾಯಿತು. ಮೂರು ಹೊತ್ತೂ ಕೊಡುತ್ತೇವೆ, ತಿನ್ನುವುದು ಬಿಡುವುದು ಅವರವರ ಹೊಟ್ಟೆಗೆ ಬಿಟ್ಟದ್ದು, ನಾನು ಗಾಡಿಯ ಡ್ಯೂಟಿ, ಒಳಗಿನ ಡ್ಯೂಟಿ ಅಲ್ಲ ಎಂದರು.

ಡಾಕ್ಟರು ಕಡತ ಮುಚ್ಚಿದರು. ಕಾರಣ ಗೊತ್ತಿಲ್ಲದೆ ಆರು ಕಿಲೋ ಇಳಿದವರಿಗೆ ತಾನು ಮದ್ದು ಕೊಡುವುದಿಲ್ಲ. ಎದೆಯ ಎಕ್ಸ್‌ರೇ ಆಗಲಿ, ರಕ್ತ ಪರೀಕ್ಷೆಗಳಾಗಲಿ, ಒಳಗೆ ಏನು ಕೂತಿದೆ ನೋಡಿ ಆಮೇಲೆ ಕೈಯ ವಿಷಯ. ಅವರು ಹೇಳಿದ್ದು ತಪ್ಪೇನಲ್ಲ. ಯಾರಿಗಾದರೂ ಅದನ್ನೇ ಹೇಳುತ್ತಿದ್ದರು. ನನ್ನ ಕಡೆ ಕೈ ಬೀಸಿ, ರದ್ದು ಮಾಡು, ಮುಂದಿನವರನ್ನು ಕರೆ ಎಂದು ಥಿಯೇಟರಿನ ಬಾಗಿಲ ಕಡೆ ಹೊರಟರು.

ಕಾರಣದ ಅಂಕಣದಲ್ಲಿ ಪೆನ್ನು ಇಟ್ಟೆ. ಬರೆದರೆ ಮೂರನೆಯದು. ರೋಗಿಯ ಆರೋಗ್ಯ ಸರಿಯಿಲ್ಲವೆಂದರೂ ಅದು 'ರೋಗಿ' ಎಂದೇ.

"ಈ ಸಲ ನಾನು ಏನೂ ತಿಂದಿಲ್ಲ," ಎಂದರು ಟೈಲರಮ್ಮ. ಡಾಕ್ಟರು ಆಗಲೇ ದೂರ ಹೋಗಿದ್ದರಿಂದ ನನಗೇ ಹೇಳಿದರು. ಗೊತ್ತು, ವಿಷಯ ಅದಲ್ಲ ಎಂದೆ. ಅವರಿಗೆ ನಾನು ನಂಬಲಿಲ್ಲ ಎನಿಸಿರಬೇಕು. ಪಟ್ಟಿ ಕಟ್ಟಿದ ಬಲಗೈಯನ್ನು ಮುಂದೆ ಚಾಚಿ, ಪಟ್ಟಿಯ ಮಡಿಕೆಯೊಳಗಿಂದ ಎಡಗೈಯಲ್ಲಿ ಒಂದು ಕಾಗದ ಎಳೆದು ಕೊಟ್ಟರು. "ಇದರಲ್ಲಿರೋ ಹಾಗೇ ಮಾಡಿದೀನಿ. ಒಂದು ದಿನಾನೂ ತಪ್ಪಿಸಿಲ್ಲ."

ನನ್ನದೇ ಚೀಟಿ. ಬೆವರಿಗೆ ಮೆತ್ತಗಾಗಿ ಬಟ್ಟೆಯಂತಾಗಿತ್ತು. ಮೇಲ್ಗಡೆಯ ಎರಡು ಬೆರಳಗಲದ ತುಂಡು ಇರಲಿಲ್ಲ. ಜೈಲಿನ ಕಚೇರಿಯವರು ಕತ್ತರಿ ಹಾಕಿ ನೇರವಾಗಿ, ಓರೆಕೋರೆಯಿಲ್ಲದಂತೆ ಕತ್ತರಿಸಿದ್ದರು. ಹೋದದ್ದು ತಾರೀಖು.

ಒಂದು ದಿನವೂ ಎಂದರೆ ಏನು ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

ಚೀಟಿ ಕೈಗೆ ಬಂದದ್ದು ಒಂಬತ್ತು ವಾರದ ಹಿಂದೆ. ಕೊಟ್ಟ ಗುಮಾಸ್ತ, ಇದರಂತೆ ನಡೆದುಕೋ ಎಂದಷ್ಟೇ ಹೇಳಿದ್ದ. ಯಾವ ದಿನ ಎಂದು ಕೇಳಬಾರದು ಎನ್ನುವುದು ಟೈಲರಮ್ಮನಿಗೆ ಗೊತ್ತೇ ಇತ್ತು. ಯಾವ ದಿನವೂ ಆಗಬಹುದು ಎಂದರೆ ಎಲ್ಲ ದಿನವೂ ಸಿದ್ಧವಾಗಿರಬೇಕು ಎಂದು ತಾವೇ ಲೆಕ್ಕ ಹಾಕಿಕೊಂಡರು. ಆರೂವರೆಗೆ ಗಂಜಿ ಬರುತ್ತದೆ. ಗಾಡಿಗಳು ಹೊರಡುವುದು ಏಳರಿಂದ ಹತ್ತರೊಳಗೆ. ಹತ್ತಾಗುವ ತನಕ ಕರೆಯುತ್ತಾರೇನೋ ಎಂದು ಕಾಯುವುದು, ಹತ್ತಾದ ಮೇಲೆ ಇವತ್ತಲ್ಲ ಎಂದು ಎದ್ದು ಶೆಡ್ಡಿಗೆ ಹೋಗುವುದು. ಅಷ್ಟರಲ್ಲಿ ಗಂಜಿಯ ಪಾತ್ರೆ ತೊಳೆದಿಟ್ಟಿರುತ್ತಾರೆ. ರಾತ್ರಿ ಊಟ ಅರ್ಧ. ಜೊತೆಯ ಹೆಂಗಸರು ಏನೋ ಹರಕೆ ಇರಬೇಕೆಂದು ಸುಮ್ಮನಿದ್ದರು. ಪಕ್ಕದ ಹಾಸಿಗೆಯವಳಿಗೆ ದಿನವೂ ಎರಡು ಪಾಲು ಗಂಜಿ ಸಿಕ್ಕಿ ಅವಳು ದುಂಡಗಾಗಿದ್ದಾಳೆ ಎಂದು ಹೇಳುವಾಗ ಟೈಲರಮ್ಮನಿಗೆ ಸ್ವಲ್ಪ ನಗುವೂ ಬಂತು.

ವಾರ್ಡರಮ್ಮ ಅವರನ್ನೇ ನೋಡುತ್ತಿದ್ದರು. "ಅಯ್ಯೋ ನಿನ್ನ. ಒಂದು ಮಾತು ನಂಗೆ ಹೇಳಬಾರದಿತ್ತೇನೇ," ಎಂದರು ತಗ್ಗಿದ ದನಿಯಲ್ಲಿ.

ಡಾಕ್ಟರು ಬಾಗಿಲಿಗೆ ಕೈಯಿಟ್ಟಿದ್ದರು. ಹಾಲ್‌ನಲ್ಲಿ ಹತ್ತು ಜನ ರೋಗಿಗಳು, ಅವರ ಕಡೆಯವರು, ಸಿಸ್ಟರ್. ಇಷ್ಟು ಜನರ ಎದುರಿಗೆ ನಾನು ಹೆಸರು ಕೂಗುವುದನ್ನು ಬಿಟ್ಟು ಬೇರೆ ಮಾತಾಡಿದ್ದಿಲ್ಲ. ಡಾಕ್ಟರನ್ನು ಕೂಗಿ ನಿಲ್ಲಿಸಿದ್ದಂತೂ ಇಲ್ಲವೇ ಇಲ್ಲ. ಸಿಸ್ಟರಿಗೆ ಹೇಳಿ ಅವರಿಂದ ಹೇಳಿಸೋಣವೆಂದು ನೋಡಿದರೆ ಅವರು ಮುಂದಿನ ರೋಗಿಯ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತುತ್ತಿದ್ದರು. ಬಾಗಿಲು ಅರ್ಧ ತೆರೆಯಿತು.

"ಸಾರ್," ಎಂದೆ. ಕೇಳಿಸಲಿಲ್ಲ. ಓಡಿಹೋಗಿ ಬಾಗಿಲಿನ ಹಿಡಿ ಹಿಡಿದುಕೊಂಡೆ. "ಸಾರ್, ಅವರಿಗೆ ಕಾಯಿಲೆ ಇಲ್ಲ. ನನ್ನ ಚೀಟಿಯಿಂದ ಹೀಗಾಗಿದೆ."

ಅವರು ಹಣೆಯ ಮೇಲಿನ ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. ಇವಳಿಗೂ ಬಾಯಿದೆಯಾ ಎನ್ನುವಂತೆ ನೋಡಿದರು ಎಂದು ಸಿಸ್ಟರ್ ಆಮೇಲೆ ಹೇಳಿದರು. ನಾನು ಹೇಳಿದ್ದಕ್ಕೆ ತಲೆಬುಡ ಇರಲಿಲ್ಲ. ತಾರೀಖು, ಕತ್ತರಿ, ಗಂಜಿ ಎಂದು ಒಂದರ ಮೇಲೊಂದು ಬಿದ್ದವು. ಕೊನೆಗೆ ಚೀಟಿಯನ್ನೇ ಅವರ ಕೈಗೆ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು. ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದರು. ಆಮೇಲೆ ವಾಪಸು ಬಂದು ವಾರ್ಡರಮ್ಮನ ಚೀಲ ಎತ್ತಿ ನೆಲಕ್ಕಿಟ್ಟು, ಟೈಲರಮ್ಮನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ನಿದ್ದೆ ಡಾಕ್ಟರು ಆ ಹಾಲ್‌ನಲ್ಲಿ ಕೂತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಎಷ್ಟು ದಿನ ಬಿಟ್ರಿ ತಾಯಿ, ಬೆಳಗಿನ ತಿಂಡಿ?"

"ಅರವತ್ತಮೂರು ಸಾರ್. ಇವತ್ತೂ ಸೇರಿ."

"ಭಾನುವಾರಾನೂ? ಭಾನುವಾರ ನಾವು ಆಪರೇಷನ್ನೇ ಮಾಡಲ್ವಲ್ಲ."

ಟೈಲರಮ್ಮ ಚೀಟಿಯನ್ನು ನೋಡಿದರು, ಆಮೇಲೆ ಡಾಕ್ಟರನ್ನು. "ಹಾಗಂತ ಇದರಲ್ಲಿ ಬರೆದಿರಲಿಲ್ಲ," ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ತಪ್ಪು ಮಾಡಿದೆನೇನೋ ಎಂಬ ಅಂಜಿಕೆ ಮಾತ್ರ ಇತ್ತು.

ಡಾಕ್ಟರು ಎದ್ದವರೇ ಕೆಲಸಕ್ಕೆ ಇಳಿದರು. ಬೆರಳಿಗೆ ಚುಚ್ಚಿ ಸಕ್ಕರೆ ನೋಡಿಸಿದರು, ರಕ್ತ ಎಷ್ಟಿದೆ ನೋಡಿಸಿದರು. ಕಡಿಮೆ ಇತ್ತು, ಗಾಬರಿಪಡುವಷ್ಟಲ್ಲ. ಒಂದು ಬಾಟಲಿ ಡ್ರಿಪ್ ಹೋಗಲಿ, ಪೂರ್ತಿ ಮಲಗಿಸುವುದು ಬೇಡ, ತೋಳು ಮಾತ್ರ ಜೋಮು ಹಿಡಿಸಿ ಮಾಡಬಹುದು, ಕೈ ಡಾಕ್ಟರಿಗೆ ನಾನು ಹೇಳುತ್ತೇನೆ, ಪಟ್ಟಿಯ ಕೊನೆಗೆ ಹಾಕು ಎಂದರು. ನನಗೆ ಬೈಯುತ್ತಾರೆಂದು ಕಾಯುತ್ತಿದ್ದೆ. ಥಿಯೇಟರಿನ ಬಾಗಿಲ ಹತ್ತಿರ ನಿಂತು, "ಇನ್ನು ಮೇಲೆ ಏನಾದ್ರೂ ಕಳಿಸೋ ಮುಂಚೆ ತಲುಪಿದ್ದು ಏನು ಅಂತ ಒಂದು ಸಲ ವಿಚಾರಿಸು," ಎಂದರು. ಅಷ್ಟೇ. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಎರಡನೇ ಕೇಸಿನ ಅಜ್ಜನನ್ನು ಮೊದಲಿಗೆ ತರಬೇಕಿತ್ತು. ಹರ್ನಿಯಾದವರು. ಇಷ್ಟು ಹೊತ್ತೂ ಎಲ್ಲವನ್ನೂ ಕಿವಿಗೊಟ್ಟು ಕೇಳಿದ್ದರು. ಮೊದಲು ಹೋದರೆ ಮೊದಲು ಊಟ ಸಿಗುತ್ತದೆಯೇ ಎಂದು ವಿಚಾರಿಸಿ, ಹೌದೆಂದ ಮೇಲೆ ಎದ್ದು ನಿಂತರು. ಹೋಗುವಾಗ ಟೈಲರಮ್ಮನ ಎದುರು ನಿಂತು, ನಾನು ಒಂದು ಬೆಳಿಗ್ಗೆ ಬಿಟ್ಟಿದ್ದಕ್ಕೇ ಮನೆಯವರ ತಲೆ ತಿಂದೆ ಕಣಮ್ಮ ಎಂದು ಹೇಳಿ ಹೋದರು.

ಸಮಸ್ಯೆ ಒಂದಿತ್ತು. ಮಧ್ಯಾಹ್ನ ಎರಡಕ್ಕೆ ಜೈಲಿನಲ್ಲಿ ತಲೆ ಎಣಿಕೆ. ಅಷ್ಟರೊಳಗೆ ಟೈಲರಮ್ಮ ವಾಪಸ್ ಇರಬೇಕು. ಕೊನೆಯ ಕೇಸೆಂದರೆ ಥಿಯೇಟರಿನಿಂದ ಹೊರಬರುವುದೇ ಎರಡಕ್ಕೆ. ವಾರ್ಡರಮ್ಮ ಫೋನ್ ತೆಗೆದರು. ಸರಪಳಿ ಇದ್ದದ್ದರಿಂದ ಟೈಲರಮ್ಮನ ಕೈಯೂ ಅವರ ಕಿವಿಯ ಹತ್ತಿರ ಹೋಗಿ ನಿಂತಿತು. ಆ ಕಡೆಯವರು ಏನೋ ಜೋರು ಮಾಡುತ್ತಿದ್ದರು. ವಾರ್ಡರಮ್ಮ ಪೂರ್ತಿ ಕೇಳಿ, "ಸಾರ್, ಇಲ್ಲಿ ಕೈ ಕುಯ್ತಿದಾರೆ. ಅರ್ಧ ಕುಯ್ದಿದ್ದನ್ನ ತರಲಾ, ಪೂರ್ತಿ ಮುಗಿಸಿ ತರಲಾ? ಅರ್ಧ ತರೋದಾದ್ರೆ ಬರೆದು ಕೊಡಿ," ಎಂದರು. ಕುಯ್ಯಲು ಇನ್ನೂ ನಾಲ್ಕು ಗಂಟೆ ಇತ್ತು. ಸ್ವಲ್ಪ ಹೊತ್ತಿಗೆ ಫೋನಿಟ್ಟು, ಸಂಜೆ ಆರರ ತನಕ ಬಿಟ್ಟಿದ್ದಾರೆ ಎಂದರು.

ಸಿಸ್ಟರ್ ನನ್ನನ್ನು ಕರೆದು, ಹಳೆಯ ಎರಡು 'ರೋಗಿ'ಗಳನ್ನು ಏನು ಮಾಡುತ್ತೀ ಎಂದು ಕೇಳಿದರು. ತಿದ್ದಲೇ ಎಂದೆ. ತಿದ್ದಬೇಡ, ಕೆಳಗೆ ನಿಜ ಬರೆದು ಸಹಿ ಹಾಕು ಎಂದರು. ರೋಗಿಗೆ ತಾರೀಖು ತಿಳಿಸುವ ದಾರಿಯನ್ನು ಆಸ್ಪತ್ರೆ ಮಾಡಿರಲಿಲ್ಲ ಎಂದು ಎರಡು ಕಡೆಯೂ ಬರೆದೆ. ಅಕ್ಷರ ಎಂದಿಗಿಂತ ದೊಡ್ಡದಾಗಿ ಬಂತು.

ಡ್ರಿಪ್ ಹೋಗುತ್ತಿದ್ದಾಗ ನಾನು ಪರದೆಯ ಕೊಕ್ಕೆ ಸಿಕ್ಕಿಸಲು ಹೋದೆ. ಕ್ಷಮಿಸಿ ಎನ್ನಬೇಕೆಂದು ಹೋದದ್ದು, ಕೊಕ್ಕೆ ನೆಪ. ಬೆಳಿಗ್ಗೆ ಡಾಕ್ಟರೆದುರು ಬಂದ ಧೈರ್ಯ ಆಗಲೇ ಖಾಲಿಯಾಗಿತ್ತು. ಮೂರು ಕೊಕ್ಕೆ ಸಿಕ್ಕಿಸಿದೆ. ಟೈಲರಮ್ಮ ನನ್ನನ್ನೇ ನೋಡುತ್ತಿದ್ದವರು, "ನಿಮ್ಮ ತೋಳಿನ ಹತ್ತಿರ ಹೊಲಿಗೆ ಬಿಟ್ಟಿದೆ. ಕೈ ಮೇಲೆತ್ತಿದಾಗ ಕಾಣತ್ತೆ. ಯಾರು ಹೊಲಿದಿದ್ದು?" ಎಂದರು.

"ಅಮ್ಮ."

"ಕಂಕುಳಲ್ಲಿ ಬಟ್ಟೆ ಬಿಟ್ಟಿಲ್ಲ. ಒಂದು ಸಣ್ಣ ತುಂಡು ಸೇರಿಸಬೇಕು ಅಂತ ಹೇಳಿ ಅಮ್ಮಂಗೆ. ಇಷ್ಟೇ ಇಷ್ಟು." ಅಳತೆ ತೋರಿಸಲು ಹೆಬ್ಬೆರಳು, ತೋರುಬೆರಳು ಎರಡನ್ನೂ ಎತ್ತಿದರು. ಬಲಗೈಯ ಹೆಬ್ಬೆರಳು ಬರಲಿಲ್ಲ. ಅವರು ಅದನ್ನು ಒಂದು ಕ್ಷಣ ನೋಡಿ ಎಡಗೈಯಲ್ಲಿ ತೋರಿಸಿದರು.

"ನನ್ನಿಂದ ನಿಮಗೆ..." ಎಂದು ಶುರುಮಾಡಿದೆ.

"ಮೂರು ತಿಂಗಳಲ್ಲಿ ನಂಗೆ ಬಂದಿದ್ದು ಆ ಚೀಟಿ ಒಂದೇ," ಎಂದರು ಟೈಲರಮ್ಮ. "ನನ್ನ ಆಪರೇಷನ್ ಇದೆ ಅಂತ ಯಾರಿಗೋ ನೆನಪಿದೆ ಅನ್ನೋದಾದ್ರೂ ಗೊತ್ತಾಯ್ತು. ದಿನಾ ಬೆಳಿಗ್ಗೆ ತೆಗೆದು ಓದ್ತಿದ್ದೆ."

ನಾನು ಪರದೆಯ ಕಡೆ ತಿರುಗಿ ಉಳಿದ ಕೊಕ್ಕೆಗಳನ್ನೆಲ್ಲ ಸಿಕ್ಕಿಸಿದೆ.

ಹನ್ನೆರಡೂಮುಕ್ಕಾಲಿಗೆ ಒಳಗೆ ಕರೆದುಕೊಂಡು ಹೋದರು. ವಾರ್ಡರಮ್ಮ ಬಾಗಿಲ ತನಕ ಹೋಗಿ ಕೋಳ ಬಿಚ್ಚಿ, ಖಾಲಿ ಸರಪಳಿಯನ್ನು ಕೈಗೆ ಸುತ್ತಿಕೊಂಡು ಬಂದು ಕೂತರು. ಒಳಗಿನದನ್ನು ನಾನು ನೋಡಿಲ್ಲ. ಸಿಸ್ಟರ್ ಹೇಳಿದ್ದಿಷ್ಟು: ನಿದ್ದೆ ಡಾಕ್ಟರು ಟೈಲರಮ್ಮನ ತಲೆಯ ಪಕ್ಕ ಸ್ಟೂಲು ಹಾಕಿಕೊಂಡು, ಕೋಟಿನ ಬಟನ್ ಪದೇ ಪದೇ ಯಾಕೆ ಕಿತ್ತುಬರುತ್ತದೆ ಎಂದು ಕೇಳುತ್ತಾ ಕೂತಿದ್ದರು. ಮುಖಕ್ಕೂ ಕೈಗೂ ನಡುವೆ ಕಟ್ಟಿದ ಪರದೆಯ ಈಚೆಗೆ ಟೈಲರಮ್ಮ, ಬಟನ್ನಿನ ಕೆಳಗೆ ದಾರ ಸ್ವಲ್ಪ ಸಡಿಲ ಬಿಟ್ಟು ಕತ್ತು ಮಾಡಿ ಹೊಲಿಯುವುದನ್ನು ವಿವರಿಸುತ್ತಿದ್ದರು, ಆಚೆಗೆ ಕೈ ಡಾಕ್ಟರು ಮೂಳೆ ಸರಿಪಡಿಸುತ್ತಿದ್ದರು. ನರ ಬಿಳುಚಿಕೊಂಡಿತ್ತು, ಆದರೆ ಜೀವ ಇತ್ತು. ಇನ್ನೂ ಏಳು ತಿಂಗಳು ಬಿಟ್ಟು ಬಂದಿದ್ದರೆ ತೆರೆದು ಮುಚ್ಚುವ ಕೆಲಸವಷ್ಟೇ ಇರುತ್ತಿತ್ತು ಎಂದರಂತೆ. ಹೆಬ್ಬೆರಳಿಗೆ ಬಲ ಬರಲು ತಿಂಗಳುಗಳು ಬೇಕು. ಬರುತ್ತದೆ ಎಂದರು.

ಎರಡೂಕಾಲಿಗೆ ಚೇತರಿಕೆಯ ಕೋಣೆಯಲ್ಲಿ ಮಲಗಿಸಿದ್ದರು. ಬಲಗೈ ಹೊಸ ಕಟ್ಟಿನಲ್ಲಿ, ಭುಜದಿಂದ ಕೆಳಗೆ ಇನ್ನೂ ಜೋಮು. ಎಡಗೈಗೆ ಕೋಳ ಹಾಕಿ ಮಂಚದ ಸರಳಿಗೆ ಸಿಕ್ಕಿಸಿದ್ದರು. ನಾನು ಆಸ್ಪತ್ರೆಯ ಅಡುಗೆ ಮನೆಗೆ ಹೋಗಿ ತಟ್ಟೆ ತಂದೆ. ನಾಲ್ಕು ತುಂಡು ಬ್ರೆಡ್ಡು, ಎರಡು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು, ಒಂದು ಲೋಟ ಹಾಲು. ದಿಂಬಿಗೊರಗಿಸಿ ಕೂರಿಸಿ ತಟ್ಟೆಯನ್ನು ಮಡಿಲಲ್ಲಿ ಇಟ್ಟ ಮೇಲೆಯೇ, ತಿನ್ನಲು ಅವರಿಗೆ ಯಾವ ಕೈಯೂ ಇಲ್ಲ ಎನ್ನುವುದು ಹೊಳೆದದ್ದು. ಕಟ್ಟು ಹಾಕಿದ ಕೈ ಏಳುವುದಿಲ್ಲ, ಏಳುವ ಕೈ ಸರಳಿನಲ್ಲಿದೆ. ಬ್ರೆಡ್ಡಿನ ಒಂದು ತುಂಡು ಮುರಿದು ಹಿಡಿದುಕೊಂಡು ನಿಂತೆ. ಬಾಯಿಗೆ ಕೊಡಲೋ ಬೇಡವೋ. ನನಗೂ ಸಂಕೋಚ, ಅವರಿಗೂ.

ವಾರ್ಡರಮ್ಮ ನಿಟ್ಟುಸಿರು ಬಿಟ್ಟು ಎದ್ದರು. ಸೊಂಟದಿಂದ ಬೀಗದ ಕೈ ತೆಗೆದು ಕೋಳ ಬಿಚ್ಚಿದರು. "ಓಡೋದಾದ್ರೆ ತಿಂದು ಓಡು. ಖಾಲಿ ಹೊಟ್ಟೇಲಿ ದೂರ ಹೋಗಕ್ಕಾಗಲ್ಲ," ಎಂದು ಹೇಳಿ ಬಾಗಿಲಿಗೆ ಬೆನ್ನು ಕೊಟ್ಟು ಕೂತರು.

ಟೈಲರಮ್ಮ ಎಡಗೈಯಲ್ಲಿ ನಿಧಾನವಾಗಿ ತಿನ್ನತೊಡಗಿದರು. ನಾನು ಮೊಟ್ಟೆಯ ಸಿಪ್ಪೆ ಸುಲಿದು ಕೊಟ್ಟೆ. ಹೊಲಿಗೆ ಬಿಚ್ಚಲು ಮತ್ತೆ ಬರಬೇಕಾದಾಗ ತಾರೀಖನ್ನು ಹೇಗೆ ತಿಳಿಸುವುದು ಎಂದು ವಾರ್ಡರಮ್ಮನನ್ನು ಕೇಳಿದೆ. ಅವರು ಅದಾಗಲೇ ಯೋಚಿಸಿದ್ದರು. ಸಂಜೆ ಆರಕ್ಕೆ ಒಳಗೆ ಬೀಗ ಬೀಳುತ್ತದೆ. ಆಮೇಲೆ ಬೆಳಗಿನ ತನಕ ಯಾರಿಗೂ ಹೇಳಿ ಕಳಿಸುವಂತಿಲ್ಲ. ಬೀಗ ಹಾಕಿದ ಮೇಲೆ ಹೇಳಿದರೆ ರೂಲಿಗೆ ಏನು ನೋವು? "ಅವಳು ಹೇಳಿದ್ರೂ ಗೋಡೆಗೆ ಹೇಳಬೇಕು," ಎಂದರು. ಇದನ್ನು ತಮ್ಮ ಸಾಹೇಬರ ಕಿವಿಗೆ ತಾವೇ ಹಾಕುತ್ತೇನೆ, ಆದರೆ ಆಸ್ಪತ್ರೆಯಿಂದ ಒಂದು ಕಾಗದ ಬಂದರೆ ಅವರ ಕಿವಿ ಇನ್ನೂ ಚೆನ್ನಾಗಿ ಕೇಳಿಸುತ್ತದೆ ಎಂದರು. ನಾನು ಬರೆಯುತ್ತೇನೆ ಎಂದೆ. ಬರೆದ ಮೇಲೆ ಫೋನ್ ಮಾಡಿ ವಿಚಾರಿಸುತ್ತೇನೆ ಎಂದೂ ಸೇರಿಸಿದೆ.

ಎರಡು ತುಂಡು ಬ್ರೆಡ್ಡು, ಒಂದು ಮೊಟ್ಟೆ ಮುಗಿದಿತ್ತು. ಟೈಲರಮ್ಮ ತಟ್ಟೆಯನ್ನು ನನ್ನ ಕಡೆಗೆ ಸ್ವಲ್ಪ ಸರಿಸಿದರು. ಸಾಕಾಯಿತೇ ಎಂದು ಕೇಳಿದೆ. ಅವರು ತಲೆಯಾಡಿಸಲಿಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ನೋಡುತ್ತಾ, "ಅರ್ಧ ಆಯ್ತು," ಎಂದರು.

"ಪೂರ್ತಿ ತಿನ್ನಿ."

"ನಾಳೆ ಬೆಳಿಗ್ಗೆ? ಗಂಜಿ ಬಂದ್ರೆ?"

"ತಿನ್ನಿ. ಬಂದ ತಕ್ಷಣ ತಿನ್ನಿ, ಬಿಸಿ ಇರುವಾಗಲೇ."

"ನಾಡಿದ್ದೂ?"

"ನಾಡಿದ್ದೂ, ಭಾನುವಾರಾನೂ," ಎಂದೆ.

ಅವರು ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ಮೂರನೇ ತುಂಡನ್ನು ಹಾಲಿನಲ್ಲಿ ಅದ್ದಿದರು.